ವಿಂಡೋಸ್ ಗಣಕದಲ್ಲಿ ಯುನಿಕ್ಸ್ ಉಪಕರಣಗಳು

ಭಾರತದ ಗಣಕಜಾಲದ ಮೊದಲ ಹೆಜ್ಜೆಗಳಲ್ಲೊಂದು ಮುಂಬಯಿಯಲ್ಲಿ ಮೂಡಿತು. 1987ರಲ್ಲಿ ಇಲ್ಲಿನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಹಾಗೂ ಪೊವಾಯಿಯ ಐಐಟಿಗಳ ನಡುವೆ ದೂರವಾಣಿ ಸಂಪರ್ಕದ ಮೂಲಕ ಇ-ಅಂಚೆಯ ವಿನಿಮಯ ನಡೆಯಿತು. ಅದಕ್ಕೆ ಬಳಸಿದ ಯುಯುಸಿಪಿ ಎಂಬ ವಿಧಾನದ ಹೆಸರಿಗೆ 'ಯುನಿಕ್ಸ್‌ನಿಂದ ಯುನಿಕ್ಸ್‌ಗೆ ನಕಲು' ಎಂದೇ ಅರ್ಥ. ಇಂದಿಗೂ ಜಾಲದ ಬಹುಪಾಲು ಸರ್ವರ್‌ಗಳು ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಿಂದಲೇ, ಮುಖ್ಯವಾಗಿ ಲಿನಕ್ಸ್‌ನಿಂದ, ನಡೆಯುತ್ತವೆ.

ಆದರೆ ಮುಲುಂಡ್ ಅಥವಾ ಗೋರೆಗಾಂವ್‌ನ ವಿದ್ಯಾರ್ಥಿಯ ಮನೆಯಲ್ಲಿ ಸಾಮಾನ್ಯವಾಗಿ ಇರುವುದು ವಿಂಡೋಸ್ ಗಣಕ. ತಂದೆಯ ಲೆಕ್ಕಪತ್ರ, ತಂಗಿಯ ಪಾಠ, ಕುಟುಂಬದ ಛಾಯಾಚಿತ್ರಗಳೆಲ್ಲವೂ ಅದರಲ್ಲೇ ಇರುತ್ತವೆ. ಯುನಿಕ್ಸ್ ಕಲಿಯುವ ಸಲುವಾಗಿ ಅದನ್ನು ಅಳಿಸುವಂತಿಲ್ಲ. ಇನ್ನೊಂದು ಗಣಕವನ್ನು ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ವಿಂಡೋಸನ್ನು ಉಳಿಸಿಕೊಂಡೇ ಯುನಿಕ್ಸ್ ಉಪಕರಣಗಳನ್ನು ಬಳಸುವ ಮಾರ್ಗಗಳನ್ನು ಇಲ್ಲಿ ವಿವರಿಸಲಾಗಿದೆ.

ಉಪಕರಣಗಳೆಂದರೇನು?

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್‌ನ ತತ್ತ್ವ ಸರಳವಾದುದು. ಪ್ರತಿಯೊಂದು ಉಪಕರಣವೂ ಒಂದೇ ಕೆಲಸವನ್ನು ಚೆನ್ನಾಗಿ ಮಾಡಬೇಕು. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಒದಗಿಸುವಂತಿರಬೇಕು. ಕಡತಗಳಲ್ಲಿ ಪದ ಹುಡುಕುವ ಗ್ರೆಪ್, ಸಿ ಭಾಷೆಯ ಬರಹವನ್ನು ಯಂತ್ರಭಾಷೆಗೆ ತರುವ ಜಿಸಿಸಿ, ಬದಲಾದ ಭಾಗಗಳನ್ನಷ್ಟೇ ಮರಳಿ ಕಟ್ಟುವ ಮೇಕ್ ಇದಕ್ಕೆ ಉದಾಹರಣೆಗಳು. 1983ರಲ್ಲಿ ಘೋಷಿತವಾದ ಗ್ನೂ ಯೋಜನೆಯ ಫಲವಾಗಿ ಇವೆಲ್ಲ ಉಚಿತವಾಗಿ ದೊರೆಯುತ್ತವೆ.

ಮೂರು ಮಾರ್ಗಗಳು

ಮೊದಲನೆಯದು 1995ರಲ್ಲಿ ಆರಂಭವಾದ ಸಿಗ್‌ವಿನ್. ಇದು ಯುನಿಕ್ಸ್ ಉಪಕರಣದ ಕೋರಿಕೆಗಳನ್ನು ವಿಂಡೋಸ್‌ಗೆ ತಿಳಿಯುವಂತೆ ಮಾಡುವ ದುಭಾಷಿ. ಲಿನಕ್ಸ್‌ಗಾಗಿ ಸಿದ್ಧಪಡಿಸಿದ ತಂತ್ರಾಂಶ ಇಲ್ಲಿ ಹಾಗೆಯೇ ಓಡದು. ಅದನ್ನು ಸಿಗ್‌ವಿನ್‌ಗಾಗಿ ಮತ್ತೆ ಕಂಪೈಲ್ ಮಾಡಬೇಕು.

ಎರಡನೆಯದು ಎಂಸಿಸ್-2. ಇದರ ನೆರವಿನಿಂದ ನೇರವಾಗಿ ವಿಂಡೋಸ್‌ನಲ್ಲಿ ನಡೆಯುವ ತಂತ್ರಾಂಶವನ್ನು ರಚಿಸಬಹುದು.

ಮೂರನೆಯದು 2016ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ನೀಡಿದ ಡಬ್ಲ್ಯುಎಸ್ಎಲ್. ಇದರ ಎರಡನೆಯ ಆವೃತ್ತಿಯಲ್ಲಿ ವಿಂಡೋಸ್‌ನೊಳಗೆ ನಿಜವಾದ ಲಿನಕ್ಸ್ ತಿರುಳೇ ಕೆಲಸ ಮಾಡುತ್ತದೆ. ಸರ್ವರ್ ಕೆಲಸಕ್ಕೆ ಸಿದ್ಧರಾಗುವವರಿಗೆ ಇದು ಸೂಕ್ತ. ಆದರೆ ಇದಕ್ಕೆ ಹೆಚ್ಚು ಸ್ಮೃತಿ ಬೇಕು. ಹಳೆಯ ಗಣಕವುಳ್ಳವರಿಗೆ ಮೊದಲೆರಡು ಮಾರ್ಗಗಳು ಲೇಸು.

ಗಮನಿಸಬೇಕಾದ ಅಂಶಗಳು

1. ಯುನಿಕ್ಸ್‌ನ ಅಳಿಸುವ ಆಜ್ಞೆಯು ಕಡತವನ್ನು ಕಸದ ಬುಟ್ಟಿಗೆ ಕಳುಹಿಸದೆ ಅಳಿಸಿಬಿಡುತ್ತದೆ. ಈ ಮೂರೂ ಮಾರ್ಗಗಳಿಂದ ವಿಂಡೋಸ್‌ನ ಸಿ ಡ್ರೈವ್ ಕೈಗೆಟುಕುವುದರಿಂದ, ಮನೆಯ ಕಡತಗಳೂ ನಾಶವಾಗಬಹುದು. ಮುಖ್ಯ ಕಡತಗಳ ಪ್ರತಿಯನ್ನು ಮೊದಲೇ ಬೇರೆಡೆ ಇರಿಸಬೇಕು.

2. ಸಾಲಿನ ಕೊನೆಯನ್ನು ವಿಂಡೋಸ್ ಎರಡು ಸಂಕೇತಗಳಿಂದ, ಯುನಿಕ್ಸ್ ಒಂದರಿಂದ ಗುರುತಿಸುತ್ತದೆ. ನೋಟ್‌ಪ್ಯಾಡ್‌ನಲ್ಲಿ ಬರೆದ ಆಜ್ಞಾಕಡತ ಕಾರಣ ತಿಳಿಯದೆ ವಿಫಲವಾದರೆ ಮೊದಲು ಇದನ್ನು ಪರೀಕ್ಷಿಸಬೇಕು.

3. ಲಿನಕ್ಸ್‌ನಲ್ಲಿ ಕಡತದ ಹೆಸರಿನ ದೊಡ್ಡ ಹಾಗೂ ಚಿಕ್ಕ ಇಂಗ್ಲಿಷ್ ಅಕ್ಷರಗಳು ಬೇರೆಬೇರೆ.

4. ಡಬ್ಲ್ಯುಎಸ್ಎಲ್‌ನ ಎರಡನೆಯ ಆವೃತ್ತಿಯನ್ನು ಬಳಸುವವರು ಕೆಲಸದ ಕಡತಗಳನ್ನು ಲಿನಕ್ಸ್‌ನ ಭಾಗದಲ್ಲಿಯೇ ಇರಿಸಬೇಕು; ಸಿ ಡ್ರೈವ್‌ನಲ್ಲಿ ಇರಿಸಿದರೆ ಕೆಲಸ ನಿಧಾನವಾಗುತ್ತದೆ.

ಕಲಿಕೆಗೆ ನೆರವು

ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಲಿನಕ್ಸ್, ಬ್ಯಾಷ್, ಸಿ ಭಾಷೆ ಮುಂತಾದ ವಿಷಯಗಳ ಕುರಿತು ಕಿರು ದೃಶ್ಯಪಾಠಗಳನ್ನು ರೂಪಿಸಿದೆ. ಅನೇಕ ಪಾಠಗಳು ಕನ್ನಡದಲ್ಲಿಯೂ ಲಭ್ಯ. ಪಾಠವನ್ನು ಅಲ್ಲಲ್ಲಿ ನಿಲ್ಲಿಸಿ, ಅದರಂತೆ ತಮ್ಮ ಗಣಕದಲ್ಲಿ ಮಾಡಿ ನೋಡುವುದೇ ಇದರ ಕ್ರಮ. ದಿನಕ್ಕೊಂದು ಉಪಕರಣವನ್ನು ಹೀಗೆ ಅಭ್ಯಾಸ ಮಾಡಿದರೆ, ಮನೆಯ ಗಣಕದಲ್ಲಿಯೇ ಈ ವಿದ್ಯೆ ಕೈವಶವಾಗುತ್ತದೆ.