ಮೀನು ತೊಟ್ಟಿಯ ಸಂಪ್ ಮತ್ತು ನಮ್ಮ ಮೆದುನೀರು

ಮನೆಯ ಹಜಾರದಲ್ಲಿ ಗಾಜಿನ ಮೀನು ತೊಟ್ಟಿ ಇಟ್ಟ ಸದಸ್ಯರಿಗೆ ಈ ಸಂದೇಹ ಬರುವುದುಂಟು: ಅಂಗಡಿಯವರು ಹೇಳಿದಂತೆಯೇ ಸಂಪ್ ಮಾಡಿಸಿದ್ದೇವೆ, ನೀರೂ ತಿಳಿಯಾಗಿದೆ, ಆದರೂ ಕೆಲವು ತಿಂಗಳಾದ ಮೇಲೆ ಮೀನು ಮಂಕಾಗಿ ಸಾಯುವುದೇಕೆ? ಮಾರನಹಳ್ಳಿಯಂಥ ಘಟ್ಟದಂಚಿನ ಊರುಗಳಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ನೀರಿನ ಹುಳಿತನವನ್ನು.

ಇಲ್ಲಿ ಸಂಪ್ ಎಂದರೆ ಅಂಗಳದ ನೆಲದಡಿಯ ನೀರಿನ ತೊಟ್ಟಿಯಲ್ಲ. ಮೀನು ತೊಟ್ಟಿಯ ಕೆಳಗೆ, ಸ್ಟ್ಯಾಂಡಿನೊಳಗೆ ಇಡುವ ಎರಡನೆಯ ತೊಟ್ಟಿ. ಮೇಲಿನಿಂದ ಕೋಡಿ ಬಿದ್ದ ನೀರು ಕೊಳವೆಯಲ್ಲಿಳಿದು ಇದರ ಮೂರು ಕೋಣೆಗಳನ್ನು ಹಾಯುತ್ತದೆ. ಮೊದಲನೆಯದರಲ್ಲಿ ಸ್ಪಂಜು ಕಸ ಹಿಡಿಯುತ್ತದೆ, ನಡುವಿನದರಲ್ಲಿ ಜಲ್ಲಿ ಅಥವಾ ಹೆಂಚಿನ ಚೂರು ಇರುತ್ತದೆ, ಕೊನೆಯದರಲ್ಲಿರುವ ಪಂಪು ನೀರನ್ನು ಮತ್ತೆ ಮೇಲಕ್ಕೆ ದೂಡುತ್ತದೆ.

ಮುಖ್ಯ ಕೆಲಸ ನಡೆಯುವುದು ನಡುವಿನ ಕೋಣೆಯಲ್ಲಿ. ಮೀನು ವಿಸರ್ಜಿಸುವ ಅಮೋನಿಯಾ ವಿಷ. ಚೂರುಗಳ ಮೇಲೆ ನೆಲೆಸಿದ ಜೀವಾಣುಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ನೈಟ್ರೇಟಿನ ಬಾಧೆ ಕಡಿಮೆ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕು. ಜೀವಾಣುಗಳು ನೆಲೆಯೂರಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ಕಡಿಮೆ ಇರಲಿ.

ತೋಟಕ್ಕೆ ಹಾಕಿದ ಯೂರಿಯಾ, ಅಮೋನಿಯಂ ಸಲ್ಫೇಟು ನೈಟ್ರೇಟಾಗುವುದೂ ಇದೇ ಬಗೆಯ ಜೀವಾಣುಗಳಿಂದ. ಅದರಿಂದ ಮಣ್ಣು ಹುಳಿಯಾಗುತ್ತದೆ, ನಾವು ಸುಣ್ಣ ಕೊಡುತ್ತೇವೆ. ಸಂಪಿನಲ್ಲೂ ಹಾಗೆಯೇ. 1 ಗ್ರಾಂ ಅಮೋನಿಯಾ ಸಾರಜನಕ ಮಾರ್ಪಡುವಾಗ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಖರ್ಚಾಗುತ್ತದೆ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನಲ್ಲಿ ಈ ಕ್ಷಾರ ಧಾರಾಳವಾಗಿರುತ್ತದೆ. ನಮ್ಮ ಝರಿಯ ನೀರು, ಮಳೆನೀರುಗಳಲ್ಲಿ ಅದು ಅತ್ಯಲ್ಪ. ಕ್ಷಾರ ಮುಗಿದು ಪಿಎಚ್ 6ರ ಹತ್ತಿರಕ್ಕೆ ಇಳಿದರೆ ಜೀವಾಣುಗಳ ಕೆಲಸ ತೀರ ಕುಂಠಿತವಾಗಿ, ತಿಳಿನೀರಿನಲ್ಲೇ ಅಮೋನಿಯಾ ಕೂಡಿಕೊಳ್ಳುತ್ತದೆ.

ಹಾಗೆಂದು ಸುಟ್ಟ ಸುಣ್ಣ ಹಾಕಲೇಬಾರದು. ಹುಳಿನೀರಿನಲ್ಲಿ ಅಮೋನಿಯಾದ ಬಹುಪಾಲು ಅಷ್ಟಾಗಿ ಬಾಧಿಸದ ಅಮೋನಿಯಂ ರೂಪದಲ್ಲಿರುತ್ತದೆ. ಪಿಎಚ್ ಥಟ್ಟನೆ ಏರಿದರೆ ಅದೇ ಮತ್ತೆ ವಿಷವಾಗಿ ಒಂದೇ ರಾತ್ರಿಯಲ್ಲಿ ತೊಟ್ಟಿ ಖಾಲಿಯಾದೀತು. ತೊಳೆದ ಕಪ್ಪೆಚಿಪ್ಪಿನ ಚೂರನ್ನು ಬಲೆಯ ಚೀಲದಲ್ಲಿ ಕಟ್ಟಿ ಸಂಪಿನಲ್ಲಿ ಮುಳುಗಿಸಿಡುವುದು ಕ್ಷೇಮ. ಅದು ನೀರು ಹುಳಿಯಾದಂತೆಲ್ಲ ನಿಧಾನವಾಗಿ ಕರಗುತ್ತದೆ. ಒಂದು ಹಿಡಿಯಿಂದ ಆರಂಭಿಸಿ, ವಾರಕ್ಕೊಮ್ಮೆ ಪಿಎಚ್ ಕಾಗದದಿಂದ ನೋಡಿಕೊಳ್ಳಿ.

ಎರಡನೆಯ ತೊಂದರೆ ಕರೆಂಟಿನದು. ಮಳೆಗಾಲದ ನಮ್ಮ ಕರೆಂಟಿನ ವಿಷಯ ಬರೆದು ತಿಳಿಸಬೇಕಾಗಿಲ್ಲ. ಪಂಪು ನಿಂತೊಡನೆ, ನೀರು ಮೇಲಕ್ಕೆ ಹೋಗುವ ಕೊಳವೆಯ ಮೂಲಕವೇ ಹಿಂದಕ್ಕೆ ಹರಿಯುತ್ತದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಒಂದು ಅಂಗುಲ ನೀರೆಂದರೆ ಸುಮಾರು 14 ಲೀಟರು. ಕೊಳವೆಯ ಬಾಯಿ 4 ಅಂಗುಲ ಮುಳುಗಿದ್ದರೆ 56 ಲೀಟರು ಇಳಿದೀತು, ಸಂಪಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಹಜಾರಕ್ಕೆ! ನೀರಿನ ಮಟ್ಟದಿಂದ ಸ್ವಲ್ಪವೇ ಕೆಳಗೆ ಆ ಕೊಳವೆಗೆ ಸಣ್ಣ ತೂತು ಕೊರೆದರೆ ಗಾಳಿ ಹೊಕ್ಕು ಹರಿವು ನಿಲ್ಲುತ್ತದೆ. ತೂತಿನಲ್ಲಿ ಪಾಚಿ ಕಟ್ಟದಂತೆ ನೋಡಿಕೊಳ್ಳಬೇಕು. ವಾಲ್ವೊಂದನ್ನೇ ನಂಬುವುದು ಬೇಡ, ಕಸ ಸಿಕ್ಕಿದರೆ ಅದು ಮುಚ್ಚುವುದಿಲ್ಲ. ಹೊಸ ಸಂಪನ್ನು ಎದುರಿಗೆ ನಿಂತು ಸ್ವಿಚ್ಚು ಆರಿಸಿ ಪರೀಕ್ಷಿಸಿ. ಕರೆಂಟು ಬಹಳ ಹೊತ್ತು ಹೋಗಿದ್ದರೆ ಮೇವು ನಿಲ್ಲಿಸಿ. ಸಂಪಿನ ನೀರು ನಾತ ಬಂದಿದ್ದರೆ ಚೆಲ್ಲಿ, ಅನಂತರ ಪಂಪು ಹಾಕಿ.

ಬೇಸಿಗೆಯಲ್ಲಿ ನೀರು ಆವಿಯಾಗಿ ತಗ್ಗುವುದು ಪಂಪಿನ ಕೋಣೆಯಲ್ಲೇ, ಮೇಲಿನ ತೊಟ್ಟಿಯಲ್ಲಿ ಗೊತ್ತಾಗುವುದಿಲ್ಲ. ಗಾಜಿನ ಮೇಲೆ ಗುರುತು ಹಾಕಿಡಿ. ಸ್ಪಂಜು, ಚೂರುಗಳನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಿಸಬೇಕು.

ಅಡಿಕೆ ಬೆಳೆಗಾರರು ಇನ್ನೊಂದನ್ನು ನೆನಪಿಡಬೇಕು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ ಇರುತ್ತದೆ. ತಾಮ್ರ ಮೀನಿಗೆ ವಿಷ, ಮೆದುನೀರಿನಲ್ಲಿ ಇನ್ನೂ ತೀಕ್ಷ್ಣ. ಸಿಂಪಡಣೆಯ ಡ್ರಮ್ಮು, ಬಕೆಟ್ಟು, ಪೈಪುಗಳನ್ನು ಎಷ್ಟು ತೊಳೆದಿದ್ದರೂ ಮೀನು ತೊಟ್ಟಿಗೆ ಬಳಸಬೇಡಿ. ಸಿಂಪಡಣೆಯ ದಿನಗಳಲ್ಲಿ ತೋಟದ ಕೆಳಗಿನ ಹಳ್ಳದ ನೀರನ್ನೂ ತರಬೇಡಿ. ಸಂಪಿಗೆ ಹಾಕುವ ಹೆಂಚಿನ ಚೂರು ಹೊಸ ಹೆಂಚಿನದೇ ಆಗಿರಲಿ.