ಕತ್ತಿಯ ಮೇಲಿನ ಬರಹವನ್ನು ಓದುವ ಬಗೆ

ನಮ್ಮ ಆದವಾನಿಯ ಕೋಟೆಯಲ್ಲಿದ್ದ ಹಳೆಯ ಆಯುಧಗಳನ್ನು ನೋಡಬೇಕೆಂದರೆ ಕೋಟೆಯ ಬೆಟ್ಟ ಹತ್ತಿ ಪ್ರಯೋಜನವಿಲ್ಲ. ರಾಜಸ್ಥಾನದ ಬಿಕಾನೇರಿಗೆ ಹೋಗಬೇಕು. ಅವು ಅಲ್ಲಿಗೆ ಹೋದ ಕಥೆ ಅವುಗಳ ಮೈಮೇಲೆಯೇ ಬರೆದಿದೆ. ಅಂಥ ಬರಹವನ್ನು ಓದುವುದು ಹೇಗೆಂಬುದನ್ನು ಇಲ್ಲಿ ತಿಳಿಯೋಣ.

1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದಾಗ ಆದಿಲಶಾಹಿ ರಾಜ್ಯ ಮುಗಿಯಿತು. ಆದರೆ ಆದವಾನಿ ಕೂಡಲೇ ಮಣಿಯಲಿಲ್ಲ. ಇಲ್ಲಿನ ದೊಡ್ಡ ಜಾಮಿಯಾ ಮಸೀದಿಯನ್ನು ಕಟ್ಟಿಸಿದ ಸಿದ್ದಿ ಮಸೂದಖಾನನೇ ಆಗ ಕೋಟೆಯ ಒಡೆಯ. ಕೆಲಕಾಲದ ತರುವಾಯ ಅದೂ ಮೊಗಲರ ವಶವಾಯಿತು. ಮೊಗಲರ ಸೇನೆಯಲ್ಲಿದ್ದ ಬಿಕಾನೇರಿನ ಮಹಾರಾಜ ಅನೂಪಸಿಂಹನು ಇಲ್ಲಿಯ ಕತ್ತಿ ಕಠಾರಿಗಳನ್ನು ತನ್ನ ಊರಿಗೆ ಸಾಗಿಸಿದನು. (ಈತನೇ ಸಂಸ್ಕೃತ ಹಸ್ತಪ್ರತಿಗಳ ದೊಡ್ಡ ಭಂಡಾರವನ್ನು ಕೂಡಿಸಿದವನು. 1698ರಲ್ಲಿ ತೀರಿಕೊಂಡದ್ದು ಮಾತ್ರ ನಮ್ಮ ಆದವಾನಿಯಲ್ಲಿ.)

ಆ ಆಯುಧಗಳ ಮೇಲೆ ನಾಗರಿ ಲಿಪಿಯ ಬರಹವಿದೆ. ಅದು ಗೆರೆ ಕೊರೆದ ಬರಹವಲ್ಲ, ಚುಕ್ಕೆ ಚುಕ್ಕೆಯಾಗಿ ಕುಟ್ಟಿದ್ದು. ಮೊನಚಾದ ಉಳಿಯಿಂದ ಒಂದೊಂದೇ ಚುಕ್ಕೆ ಹೊಡೆದು ರಾಜನ ಹೆಸರು, ಆದವಾನಿಯ ಹೆಸರು, ಸಂವತ್ಸರ ಇವುಗಳನ್ನು ಮೂಡಿಸಿದ್ದಾರೆ. ಇದರಲ್ಲಿ ಕವಿತೆಯಿಲ್ಲ, ಹೊಗಳಿಕೆಯಿಲ್ಲ. ಉಗ್ರಾಣದ ಗುಮಾಸ್ತನು ಪಾತ್ರೆಗೆ ಹೆಸರು ಹಾಕಿಸಿದಂತೆ ಹಾಕಿಸಿದ ಲೆಕ್ಕ, ಅಷ್ಟೆ. ಆದರೂ ಚಿನ್ನದ ಅಕ್ಷರಗಳಿಗಿಂತ ಈ ಒರಟು ಚುಕ್ಕೆಗಳನ್ನೇ ನಾವು ಹೆಚ್ಚು ನಂಬುತ್ತೇವೆ. ಗುಮಾಸ್ತನಿಗೆ ಸುಳ್ಳು ಬರೆದು ಆಗಬೇಕಾದದ್ದೇನೂ ಇರಲಿಲ್ಲ.

ಚಿನ್ನದ ಅಕ್ಷರಗಳನ್ನು ನಂಬಬಾರದೇಕೆ? ಒಂದು ಉದಾಹರಣೆ ನೋಡಿರಿ. ಇರಾನಿನ ಇಸ್ಫಹಾನ್ ನಗರದ ಅಸದುಲ್ಲಾ ಎಂಬ ಕಮ್ಮಾರನ ಹೆಸರು ಭಾರತದ ಎಷ್ಟೋ ಅಲಗುಗಳ ಮೇಲೆ ಪಾರಸಿಯಲ್ಲಿದೆ. ‘ಅಮಲ್’ ಎಂದರೆ ಕೆಲಸ; ‘ಅಮಲೆ ಅಸದುಲ್ಲಾ’ ಎಂದರೆ ಅಸದುಲ್ಲಾನ ಕೈಕೆಲಸ. ಆದರೆ ಆ ಅಲಗುಗಳ ತೇದಿಗಳನ್ನು ಒಟ್ಟುಗೂಡಿಸಿದರೆ ಒಬ್ಬ ಮನುಷ್ಯನ ಆಯುಸ್ಸಿಗೆ ಮೀರಿದ ಕಾಲವಾಗುತ್ತದೆ! ಹೆಸರುವಾಸಿಯಾದ ಗುರುತನ್ನು ಬೇರೆಯವರೂ ಹಾಕಿಕೊಂಡರೆಂದು ತಿಳಿಯಬೇಕು. ಸಂತೆಯಲ್ಲಿ ಇಂದಿಗೂ ಇದು ನಡೆದೇ ಇದೆ.

ಇನ್ನೊಂದು ತೊಡಕು ಅಂಕಿಗಳದು. ನಾಲ್ಕು ಮನೆಯ ಚಿಕ್ಕ ಚೌಕದಲ್ಲಿ 2, 4, 6, 8 ಎಂದು ಅರಬ್ಬಿ ಅಂಕಿಗಳಿದ್ದರೆ ಅದನ್ನು ಇಸವಿಯೆಂದು ಎಣಿಸಬಾರದು. ಅದು ‘ಬದೂಹ್’ ಎಂಬ ರಕ್ಷಾಯಂತ್ರ. ಆ ಪದದ ಬ, ದ, ವ, ಹ ಅಕ್ಷರಗಳಿಗೆ ಅರಬ್ಬಿ ಎಣಿಕೆಯಲ್ಲಿ ಕ್ರಮವಾಗಿ 2, 4, 6, 8 ಎಂಬ ಬೆಲೆಯಿದೆ.

ನಿಜವಾದ ಇಸವಿ ಸಿಕ್ಕರೆ ಲೆಕ್ಕ ಸುಲಭ. ನಾಗರಿಯ ವಿಕ್ರಮ ಸಂವತ್ತಿನಿಂದ 57 ಕಳೆಯಿರಿ: 1746 ಎಂದಿದ್ದರೆ 1689. (ವರ್ಷದ ಕೊನೆಯ ತಿಂಗಳುಗಳಾದರೆ 56 ಕಳೆಯಬೇಕು.) ಹಿಜರಿ ವರ್ಷಕ್ಕೆ ಸುಮಾರು 354 ದಿನಗಳಾದ್ದರಿಂದ ಬರಿಯ ಕಳೆಯುವಿಕೆ ಸಾಲದು. ಹಿಜರಿಯನ್ನು 33ರಿಂದ ಭಾಗಿಸಿ, ಬಂದದ್ದನ್ನು ಹಿಜರಿಯಿಂದಲೇ ಕಳೆದು, 622 ಕೂಡಿಸಿರಿ. 1097ನ್ನು 33ರಿಂದ ಭಾಗಿಸಿದರೆ 33, ಕಳೆದರೆ 1064, ಕೂಡಿಸಿದರೆ 1686. ಬಿಜಾಪುರ ಬಿದ್ದ ವರ್ಷ ತಾನೇ ಬಂತು. ಒಂದು ವರ್ಷ ಹಿಂದುಮುಂದಾಗಬಹುದು.

ಈಗ ಪಾಲಕರಲ್ಲಿ ಒಂದು ಮಾತು. ನಮ್ಮ ಸೀಮೆಯ ಮನೆಗಳಲ್ಲಿ ದೇವರ ಮುಂದೆ ಹಳೆಯ ಕತ್ತಿ, ಕಠಾರಿ ಇರುವುದುಂಟು. ಆಯುಧಪೂಜೆ ಬಂತೆಂದರೆ ಹುಣಿಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿ ಥಳಥಳಿಸುತ್ತೇವೆ. ಚಿನ್ನದ ಎಳೆ ಮೊದಲು ಕಿತ್ತುಹೋಗುತ್ತದೆ, ಚುಕ್ಕೆಗಳೂ ಕ್ರಮೇಣ ಸವೆಯುತ್ತವೆ. ಹಾಗೆ ಅಳಿದ ಅಕ್ಷರವನ್ನು ಯಾವ ಪಂಡಿತನೂ ಓದಲಾರ. ಒಣ ಬಟ್ಟೆಯಿಂದ ಒರೆಸಿ ಅರಿಸಿನ ಕುಂಕುಮವನ್ನು ಹಿಡಿಯ ಹಗ್ಗಕ್ಕೋ ಒರೆಗೋ ಹಚ್ಚಿದರೆ ಪೂಜೆಗೆ ಊನವೇನೂ ಬಾರದು.

ಮಕ್ಕಳು ಹಿರಿಯರ ಎದುರಿನಲ್ಲೇ, ಅಲಗಿನ ಬಾಯಿಯನ್ನು ಮುಟ್ಟದೆ, ಹೀಗೆ ಮಾಡಬಹುದು. ಕೋಣೆಯನ್ನು ಕತ್ತಲೆ ಮಾಡಿ, ಟಾರ್ಚಿನ ಬೆಳಕನ್ನು ಮೇಲಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಿರಿ. ಚುಕ್ಕೆಗಳು ನೆರಳು ಕಟ್ಟಿ ಎದ್ದು ಕಾಣುತ್ತವೆ. ಹಿಡಿ ಮತ್ತು ಅಲಗಿನ ಬುಡವನ್ನು ಮೊದಲು ನೋಡಿರಿ. ಮೊಬೈಲಿನಲ್ಲಿ ಎರಡು ಮೂರು ಕಡೆಯ ಬೆಳಕಿನಲ್ಲಿ ಚಿತ್ರ ತೆಗೆದು, ಕಂಡ ಗುರುತುಗಳನ್ನು ಕಂಡಂತೆಯೇ ಹಾಳೆಯಲ್ಲಿ ಬರೆದುಕೊಳ್ಳಿರಿ. ತಿಳಿಯದ ಕಡೆ ಊಹಿಸದೆ ಜಾಗ ಬಿಡಿರಿ. ಆ ಹಾಳೆಯನ್ನು ಶಾಲೆಗೆ ತಂದರೆ ಸಾಕು, ಕತ್ತಿಯನ್ನು ತರಬೇಡಿರಿ.