ಹೆಣ್ಣುಶಿಶುವಿಗೆ ತುಂಬುನಾಮ

ಭಕ್ತರು ಮಠಕ್ಕೆ ಬಂದು, "ಹೆಣ್ಣುಮಗುವಾಗಿದೆ, ಊರಲ್ಲಿ ಬೇರಾರಿಗೂ ಇಲ್ಲದ ಹೆಸರೊಂದನ್ನು ದಯಪಾಲಿಸಬೇಕು" ಎಂದು ಬಿನ್ನವಿಸುವುದುಂಟು. ಕೆಲವರ ಮನಸ್ಸು ನೀಲಲೋಚನೆ, ನಾಗಲಾಂಬಿಕೆ ಮೊದಲಾದ ದೀರ್ಘನಾಮಗಳತ್ತ ಒಲಿಯುತ್ತದೆ. ಆದರೆ "ಇಷ್ಟುದ್ದದ ಹೆಸರನ್ನು ಕರೆಯುವವರಾರು?" ಎಂಬ ಮನೆಯವರ ಮಾತಿಗೆ ಹಿಂಜರಿಯುತ್ತಾರೆ. ಆದುದರಿಂದ ಈ ವಿಷಯವನ್ನು ಶರಣಧರ್ಮದ ದೃಷ್ಟಿಯಿಂದ ವಿಚಾರಿಸುವುದು ಉಚಿತ.

ಮೊದಲು ತಿಳಿಯಬೇಕಾದುದು ಇದು: ನಮ್ಮ ಧರ್ಮದಲ್ಲಿ ಶಿಶುವಿಗೆ ಲಿಂಗಧಾರಣೆ ಮಾಡುವಾಗ ಗಂಡು, ಹೆಣ್ಣೆಂಬ ಭೇದವಿಲ್ಲ. ಲಿಂಗದಲ್ಲಿಲ್ಲದ ಭೇದವು ಹೆಸರಿನಲ್ಲಿ ಏಕಿರಬೇಕು? ಗಂಡುಮಗುವಿಗೆ ಮಲ್ಲಿಕಾರ್ಜುನ, ಸಿದ್ಧರಾಮೇಶ್ವರ ಎಂದು ತುಂಬುನಾಮವನ್ನಿಡುವಾಗ ಅದು ಉದ್ದವೆಂದು ಯಾರೂ ಆಕ್ಷೇಪಿಸುವುದಿಲ್ಲ. ಹೆಣ್ಣಿಗಾದರೆ ಎರಡಕ್ಷರ ಸಾಕೆನ್ನುತ್ತಾರೆ. ಇನ್ನೂ ಕಷ್ಟದ ಸಂಗತಿಯೆಂದರೆ, ಸಾಲಾಗಿ ಹೆಣ್ಣುಮಕ್ಕಳಾದ ಮನೆಗಳಲ್ಲಿ 'ಇನ್ನು ಸಾಕು' ಎಂಬ ಅರ್ಥದಿಂದಲೇ ಸಾಕವ್ವನೆಂದು ಹೆಸರಿಟ್ಟುದುಂಟು. ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ನಕುಶಾ', ಎಂದರೆ 'ಬೇಡವಾದವಳು', ಎಂಬ ಹೆಸರನ್ನು ಹೊತ್ತಿದ್ದ 280ಕ್ಕೂ ಹೆಚ್ಚು ಬಾಲಿಕೆಯರಿಗೆ 2011ರಲ್ಲಿ ಹೊಸ ಹೆಸರುಗಳನ್ನಿಡಲಾಯಿತು. ಹುಟ್ಟಿದ ಮನೆಯೇ 'ಬೇಡ' ಎಂದು ದಿನಕ್ಕೆ ಹತ್ತು ಬಾರಿ ಕೂಗಿದರೆ ಆ ಮಗು ತನ್ನನ್ನು ತಾನು ಏನೆಂದು ತಿಳಿದೀತು?

ಇನ್ನು ನಾಮದ ಲಕ್ಷಣವನ್ನು ನೋಡೋಣ. ಪಾರಸ್ಕರ ಗೃಹ್ಯಸೂತ್ರವು ಸ್ತ್ರೀನಾಮಕ್ಕೆ ಬೆಸಸಂಖ್ಯೆಯ ಅಕ್ಷರಗಳಿರಬೇಕೆಂದು ವಿಧಿಸುತ್ತದೆ. ಬಸವಣ್ಣನವರ ತಾಯಿ ಮಾದಲಾಂಬಿಕೆ, ಅಕ್ಕ ನಾಗಲಾಂಬಿಕೆ, ಇವರ ಹೆಸರುಗಳು ಐದಕ್ಷರದವು. ಗಂಗಾಂಬಿಕೆ, ಮಹಾದೇವಿ ಎಂಬಿವು ನಾಲ್ಕಕ್ಷರದವು. ಶರಣರು ಅಕ್ಷರಗಣನೆಯಿಂದ ಯಾರನ್ನೂ ಅಳೆಯಲಿಲ್ಲ, ನಾವೂ ಅಳೆಯಬೇಕಾಗಿಲ್ಲ. ಆದರೆ ಸ್ತ್ರೀನಾಮವು ಸುಖವಾಗಿ ಉಚ್ಚರಿಸುವಂತಿರಬೇಕು, ಅರ್ಥವು ಸ್ಪಷ್ಟವಾಗಿರಬೇಕು ಎಂದು ಮನುಸ್ಮೃತಿ ಹೇಳುವ ಮಾತು ಎಲ್ಲರಿಗೂ ಒಪ್ಪುವಂಥದು. ಅಪೂರ್ವತೆಯ ಆಸೆಯಿಂದ ಅರ್ಥವಿಲ್ಲದ ನಾದವನ್ನು ಜೋಡಿಸಬಾರದು. 'ಸುರಪ್ರಿಯೆ' ಎಂದರೆ ದೇವತೆಗಳಿಗೆ ಪ್ರಿಯಳು. ಒಂದು ದೀರ್ಘ ಹೆಚ್ಚಾಗಿ 'ಸುರಾಪ್ರಿಯೆ' ಎಂದಾದರೆ ಮದ್ಯದಲ್ಲಿ ಪ್ರೀತಿಯುಳ್ಳವಳು! ಹೆಸರಿಡುವ ಮುನ್ನ ಬಲ್ಲವರನ್ನು ಒಮ್ಮೆ ಕೇಳುವುದು ಲೇಸು.

ಹಾಗಾದರೆ ಉದ್ದವಾದ ಹೆಸರೇ ಶ್ರೇಷ್ಠವೋ? ಅಲ್ಲ. ಲಕ್ಕಮ್ಮನೆಂಬುದು ಲಕ್ಷ್ಮೀಶಬ್ದದ ತದ್ಭವದಿಂದಾದ ಸಾಮಾನ್ಯ ಹೆಸರು. ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಆ ಶರಣೆಯನ್ನು ಲೋಕವು ಆಯ್ದಕ್ಕಿ ಲಕ್ಕಮ್ಮನೆಂದಿತು. ಕಾಶ್ಮೀರದ ರಾಣಿಯೊಬ್ಬಳು ಅರಮನೆಯನ್ನು ತೊರೆದು ಕಲ್ಯಾಣಕ್ಕೆ ಬಂದು, ಸೌದೆಯ ಹೊರೆಯ ಕಾಯಕದಿಂದ ಮೋಳಿಗೆ ಮಹಾದೇವಮ್ಮನಾದಳೆಂದು ಪರಂಪರೆ ಹೇಳುತ್ತದೆ. ಉಡುತಡಿಯ ಬಾಲೆಗೆ ಹೆತ್ತವರು ಇಟ್ಟ ಹೆಸರು ಮಹಾದೇವಿ. 'ಅಕ್ಕ' ಎಂಬುದನ್ನು ಸೇರಿಸಿದವರು ಶರಣರು. ಹೀಗೆ ನಾಮದಲ್ಲಿ ಒಂದು ಭಾಗ ತೊಟ್ಟಿಲಲ್ಲಿ ದೊರೆಯುತ್ತದೆ. ಇನ್ನೊಂದು ಭಾಗ ಕಾಯಕದಿಂದ, ಅನುಭಾವದಿಂದ ಬರುತ್ತದೆ. ಮೊದಲ ಭಾಗವನ್ನು ಆದರದಿಂದ ಕೊಡುವುದಷ್ಟೇ ತಂದೆತಾಯಿಗಳ ಕೈಯಲ್ಲಿದೆ.

ದೀರ್ಘನಾಮವನ್ನು ಜನರು ಮೊಟಕುಗೊಳಿಸುವರೆಂಬ ಶಂಕೆಗೂ ಸಮಾಧಾನವಿದೆ. ನೀಲಾಂಬಿಕೆಯನ್ನು ನೀಲಮ್ಮನೆಂದೂ ಕರೆದರು. ಹೆಸರು ಕಿರಿದಾಯಿತು, ಗೌರವ ಕಿರಿದಾಗಲಿಲ್ಲ. ಮನೆಯಲ್ಲಿ ನೀಲವ್ವ, ಗಂಗವ್ವ ಎಂದು ಕರೆದರೆ ಕೊರತೆಯೇನೂ ಇಲ್ಲ. ಅರ್ಥವನ್ನೂ 'ಅವ್ವ' ಎಂಬ ಆದರವನ್ನೂ ಕಳೆದು ಬರಿಯ ಒಂದು ಶಬ್ದವನ್ನು ಉಳಿಸುವುದು ಮಾತ್ರ ಸಲ್ಲದು.

ಗೃಹಸ್ಥರು ಅನುಸರಿಸಬಹುದಾದ ಕ್ರಮ ಇಷ್ಟು. ಆರಿಸಿದ ಹೆಸರನ್ನು ಮನೆಯ ಹಿರಿಯರಿಂದಲೂ ಕಿರಿಯರಿಂದಲೂ ನುಡಿಸಿ ನೋಡಿರಿ. ಎಲ್ಲರ ನಾಲಗೆಗೂ ಅದು ಒಗ್ಗಬೇಕು. ಜನನ ನೋಂದಣಿಯಲ್ಲಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಲು ಅವಕಾಶವಿರುವುದರಿಂದ ಆತುರಪಡಬೇಕಾಗಿಲ್ಲ. ಆದರೆ ಅಲ್ಲಿ ಬರೆಯಿಸಿದ ಅಕ್ಷರಗಳೇ ಶಾಲೆಯ ದಾಖಲೆಯಲ್ಲಿಯೂ ಇರುವಂತೆ ಎಚ್ಚರವಹಿಸಬೇಕು. ಉದ್ದವಾದ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಮುಂದೆ ತೊಂದರೆಪಡುವವಳು ಮಗಳೇ. ಇನ್ನು, ನಿತ್ಯ ಲಿಂಗಪೂಜೆಯ ವೇಳೆಯಲ್ಲಾದರೂ ಆಕೆಯನ್ನು ತುಂಬುನಾಮದಿಂದ ಕರೆಯಿರಿ.

ನುಡಿ ಬಂದಮೇಲೆ ಮಗುವು, "ಅಪ್ಪಾ, ನನಗೆ ಈ ಹೆಸರನ್ನು ಏಕಿಟ್ಟಿರಿ?" ಎಂದು ಕೇಳದೆ ಇರದು. ಆಗ ಹೇಳಲು ನಿಮ್ಮಲ್ಲಿ ಒಬ್ಬ ಶರಣೆಯ ಚರಿತ್ರೆ ಸಿದ್ಧವಿರಲಿ. ಆ ಉತ್ತರವಿಲ್ಲದ ಹೆಸರು ಎಷ್ಟು ಅಪೂರ್ವವಾದರೂ ಬರಿದು. ಉತ್ತರವುಳ್ಳ ಹೆಸರು ಎಷ್ಟು ಉದ್ದವಾದರೂ ಭಾರವಲ್ಲ.